ನೂರು ಖಾಲಿ ಮಡಕೆಗಳು

ನಮ್ಮೂರಿನಲ್ಲಿ ಮದುವೆಯ ಕಾಗದ ಅಚ್ಚು ಹಾಕಿಸುವವರು ಸುಖಾಗಮನ ಬಯಸುವವರ ಪಟ್ಟಿಯ ಕೊನೆಗೆ ಒಂದು ಹೆಸರು ಹೆಚ್ಚಿಗೆ ಸೇರಿಸುತ್ತಾರೆ. ಸಾಮಾನ್ಯವಾಗಿ ಅದು ‘ಗುಂಡ’ ಎಂದಿರುತ್ತದೆ. ಆ ಮನೆಯಲ್ಲಿ ಗುಂಡ ಎಂಬುವವನು ಇರುವುದಿಲ್ಲ, ಹಿಂದೆಯೂ ಇದ್ದಿರಲಿಲ್ಲ. ಕಾಗದ ಅಚ್ಚಾಗಿ ಬರುವಷ್ಟರಲ್ಲಿ ಗುಂಡ ಉದುರಿಹೋಗಿರುತ್ತಾನೆ, ಉಳಿದವರೆಲ್ಲ ತಮ್ಮ ತಮ್ಮ ಜಾಗದಲ್ಲಿ ಕ್ಷೇಮವಾಗಿರುತ್ತಾರೆ. ಗುಂಡನನ್ನು ಸೇರಿಸಲು ಮರೆತವರ ಮನೆಯಲ್ಲಿ ಯಾರೋ ಒಬ್ಬ ಸಣ್ಣ ಹೆಸರಿನ ಚಿಕ್ಕಪ್ಪ ಉದುರಿ, ಮದುವೆಯ ಊಟಕ್ಕೂ ಬರದೆ, ಹತ್ತು ವರ್ಷ ಮಾತು ಬಿಡುತ್ತಾನೆ.

ನಕಲು ಎಂದರೆ ನಮ್ಮಲ್ಲಿ ಹೀಗೆಯೇ. ಯಾವುದನ್ನು ನಕಲು ಮಾಡಿದರೂ ಅದರೊಳಗಿನ ಅತ್ಯಂತ ಹಗುರವಾದ ವಸ್ತು ಒಂದು ಬಿದ್ದುಹೋಗುತ್ತದೆ. ಸಾರಿನ ಪುಡಿಯ ಚೀಟಿ ಬರೆದುಕೊಂಡರೆ ಚಿಟಿಕೆ ಇಂಗು ಹೋಗುತ್ತದೆ. ಅದಕ್ಕೇ ಚೀಟಿಯ ಕೊನೆಗೆ ‘ನವಿಲುಗರಿ ಒಂದು’ ಎಂದು ಬರೆದಿಡುವುದು ವಾಡಿಕೆ. ನಕಲಿನಲ್ಲಿ ಗರಿ ಹೋಗಿ ಇಂಗು ಉಳಿಯುತ್ತದೆ. ಹೊರಗಿನಿಂದ ಬಂದ ಸೊಸೆಯೊಬ್ಬಳು ಮೂಲ ಚೀಟಿಯನ್ನೇ ನೋಡಿಕೊಂಡು ಸಾರಿಗೆ ನವಿಲುಗರಿ ಹಾಕಿದ್ದೂ ಉಂಟು. ಮಾವ ಮಾತಾಡದೆ ತಿಂದರಂತೆ. ಹೀಗೆ ಬೇಕೆಂದೇ ಇಡುವ ಬೇಡದ ವಸ್ತುವಿಗೆ ನಾವು ‘ಉದುರು’ ಎನ್ನುತ್ತೇವೆ.

ನಾನು ಕೆಲಸ ಮಾಡುವುದು ಚಿದಂಬರ ನಕಲು ಕೇಂದ್ರದಲ್ಲಿ. ಬಿ.ಎ. ಮುಗಿದ ಮೇಲೆ ನನಗೆ ಒಪ್ಪುವ ಕೆಲಸ ಇದೊಂದೇ ಎಂದು ಎಲ್ಲರಿಗೂ ಅನಿಸಿತು, ನನಗೂ ಅನಿಸಿತು, ಏಕೆಂದರೆ ಇಲ್ಲಿ ಮಾತಾಡಬೇಕಾಗಿಲ್ಲ. ಬಂದವರನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ, ‘ಉದುರು ಹಾಕಿದ್ದೀರಾ?’ ಅದನ್ನೂ ನಾನು ರಟ್ಟಿನ ಮೇಲೆ ಬರೆದು ಮೆಷಿನ್ನಿನ ಪಕ್ಕ ನಿಲ್ಲಿಸಿದ್ದೇನೆ. ಯಾರಾದರೂ ಓದದೆ ಕಾಗದ ಮುಂದೆ ಚಾಚಿದರೆ ರಟ್ಟನ್ನು ಇನ್ನೂ ಸ್ವಲ್ಪ ಅವರ ಕಡೆ ತಳ್ಳುತ್ತೇನೆ. ಉಳಿದ ಮಾತನ್ನೆಲ್ಲ ಅಂಗಡಿಯ ಯಜಮಾನರಾದ ಚಿದಂಬರ ಮಾಮ ಆಡುತ್ತಾರೆ. ಅವರು ಉಸಿರು ಎಳೆದುಕೊಳ್ಳುವಾಗಲೂ ಮಾತಾಡಬಲ್ಲರು.

ಹೇಳಬೇಕೆನಿಸಿದ್ದನ್ನು ನಾನು ಡೈರಿಯಲ್ಲಿ ಬರೆಯುತ್ತೇನೆ. ಈ ಕಥೆಯನ್ನೂ ಅಲ್ಲಿಂದಲೇ ಇಳಿಸುತ್ತಿದ್ದೇನೆ. ಇಳಿಸುವ ಮೊದಲು ಡೈರಿಯ ಈ ಪುಟಗಳ ನಡುವೆ ಎಲ್ಲೋ ಒಂದು ಕಡೆ ಹಸಿರು ಬಾಚಣಿಗೆಯೊಂದು ಕಿಟಕಿಯ ಮೇಲಿತ್ತು ಎಂದು ಸೇರಿಸಿದ್ದೆ. ಮುಂದೆ ಓದುತ್ತ ನಿಮಗೆ ಆ ಕಿಟಕಿ ಸಿಗದಿದ್ದರೆ ಗಾಬರಿಯಾಗಬೇಡಿ. ಉಳಿದದ್ದೆಲ್ಲ ನೆಟ್ಟಗೆ ಬಂದಿದೆ ಎಂದು ಅರ್ಥ.

ನನ್ನನ್ನು ಬೆಳೆಸಿದ್ದು ಪದ್ದತ್ತೆ, ನನ್ನ ಅಪ್ಪನ ಅಕ್ಕ. ಅತ್ತೆಗೆ ದನಿಯಿಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಗಂಟಲಲ್ಲಿ ಗಂಟು ಬಂತು. ಗಂಟು ತೆಗೆಯುವಾಗ ದನಿಯ ಪೆಟ್ಟಿಗೆಯನ್ನೂ ತೆಗೆಯಬೇಕಾಯಿತು. ನಾನು ಹುಟ್ಟಿದ್ದು ಅದಾಗಿ ಏಳು ವರ್ಷಕ್ಕೆ. ಹಾಗಾಗಿ ನನಗೆ ಅತ್ತೆಯ ಮಾತು ಎಂದರೆ ಸ್ಲೇಟಿನ ಮೇಲೆ ಬಳಪ ಕಿರುಗುಟ್ಟುವ ಸದ್ದು. ಕೋಪ ಬಂದರೆ ಬಳಪ ಮುರಿಯುತ್ತದೆ. ನಗು ಬಂದರೆ ಅಕ್ಷರ ಓರೆಯಾಗುತ್ತದೆ. ತರಕಾರಿಯವಳ ಜೊತೆ ಅತ್ತೆ ಚೌಕಾಸಿ ಮಾಡುವುದನ್ನು ನೋಡಬೇಕು, ‘ಇದು ಬದನೆಕಾಯೋ ಬದನೆಕಾಯಿಯ ಅಜ್ಜನೋ’ ಎಂದು ಬರೆದು ಸ್ಲೇಟನ್ನು ಬೀದಿಯ ಎರಡೂ ಕಡೆಗೆ ತಿರುಗಿಸಿ ತೋರಿಸುತ್ತಾಳೆ. ಮನೆಯಲ್ಲಿ ದನಿಯಿದ್ದೂ ಮಾತಾಡದವಳು ನಾನು, ದನಿಯಿಲ್ಲದೆ ಮಾತಾಡುವವಳು ಅವಳು.

ಅತ್ತೆಯ ದನಿ ಲೋಕದಲ್ಲಿ ಒಂದೇ ಒಂದು ಕಡೆ ಉಳಿದಿತ್ತು. ಅದು ‘ಕೀಲಿಕೈ ಪೇಟೆ’ ಎಂಬ ಕಂಪ್ಯೂಟರ್ ಆಟದೊಳಗೆ.

ಮೂವತ್ತು ವರ್ಷದ ಕೆಳಗೆ ಚಿದಂಬರ ಮಾಮನ ಅಂಗಡಿ ರೇಡಿಯೋ ರಿಪೇರಿಯದ್ದಾಗಿತ್ತು. ಅದರ ಹಿಂದಿನ ಕೋಣೆಯಲ್ಲಿ ಮಾಮ ಮತ್ತು ಅವರ ಮೂವರು ಗೆಳೆಯರು ಸೇರಿ ಎರಡು ವರ್ಷ ಕೂತು ಆ ಆಟ ಮಾಡಿದರು. ಕಳೆದುಹೋದ ಕೀಲಿಕೈಯನ್ನು ಹುಡುಕುತ್ತ ಒಬ್ಬ ದಾರಿಹೋಕ ಪೇಟೆಯೆಲ್ಲ ಅಲೆಯುತ್ತಾನೆ. ಬಾವಿಕಟ್ಟೆಯ ಮೇಲೊಬ್ಬಳು ಹುಡುಗಿ ಕೂತಿರುತ್ತಾಳೆ. ಅವಳ ಮೇಲೆ ಒತ್ತಿದರೆ ಒಂದು ಮಾತು ಹೇಳುತ್ತಾಳೆ. ಆ ಮಾತು ಹೇಳಿದ್ದು ಪದ್ದತ್ತೆ. ಅವಳ ಗಂಟಲಿಗೆ ಕತ್ತರಿ ಬೀಳುವ ಎರಡು ತಿಂಗಳ ಮುಂಚೆ. ಪೇಟೆಯ ಕೊನೆಗೆ ಕುಂಬಾರರ ಅಂಗಳವಿದೆ, ಅಲ್ಲಿ ನೂರು ಖಾಲಿ ಮಡಕೆಗಳನ್ನು ಜೋಡಿಸಿಟ್ಟಿದ್ದರು. ಮಡಕೆಗಳಿಂದ ಆಟಕ್ಕೆ ಏನೂ ಆಗಬೇಕಾಗಿರಲಿಲ್ಲ. ಅವು ಉದುರು. ನಮ್ಮೂರಿನವರು ಮಾಡಿದ ಆಟವಲ್ಲವೇ, ಯಾರಾದರೂ ನಕಲು ಮಾಡಿಕೊಂಡರೆ ಒಂದೊಂದು ಮಡಕೆ ಹೋಗಲಿ ಎಂದು.

ಇನ್ನೂರು ಸಿಡಿಗಳನ್ನು ಹೊರಗಿನ ಊರಿನಲ್ಲಿ ಮಾಡಿಸಿದರು. ಹೊರಗೆ ನಕಲಿಗೆ ಇಂಥ ಕಾಟವಿಲ್ಲ. ನೂರಾ ತೊಂಬತ್ತೊಂಬತ್ತು ಅಲ್ಲೇ ಎಲ್ಲೆಲ್ಲೋ ಹೋದವು. ಊರಿಗೆ ಬಂದದ್ದು ಒಂದೇ. ಅದನ್ನು ಮಾಮನ ಅಮ್ಮ ಹಪ್ಪಳಕ್ಕೆ ಕಾಗೆ ಬರದಿರಲೆಂದು ತಾರಸಿಯಲ್ಲಿ ನೂಲು ಕಟ್ಟಿ ತೂಗುಬಿಟ್ಟರು. ಎರಡು ಬೇಸಿಗೆ ಕಾಗೆಗಳು ಬರಲಿಲ್ಲ. ಆಮೇಲೆ ಸಿಡಿಯೂ ಓಡಲಿಲ್ಲ. ಅಷ್ಟರಲ್ಲಿ ಊರಿನ ಮಕ್ಕಳೆಲ್ಲ ಆಟವನ್ನು ಒಬ್ಬರಿಂದ ಒಬ್ಬರು, ಅವರಿಂದ ಇನ್ನೊಬ್ಬರು ಇಳಿಸಿಕೊಂಡಿದ್ದರು. ನೂರು ಮಡಕೆ ಮುಗಿದವು. ಬಾವಿಯ ಹುಡುಗಿಯ ದನಿ ಮುಗಿಯಿತು. ಆಮೇಲೆ ಹಕ್ಕಿ, ಗಂಟೆ, ಮೆಟ್ಟಿಲು, ಸೇತುವೆ. ನಾನು ಚಿಕ್ಕವಳಿದ್ದಾಗ ಆಡಿದ ನಕಲಿನಲ್ಲಿ ಒಂದು ಬಯಲು ಮತ್ತು ಒಬ್ಬ ಚಂದ್ರ ಮಾತ್ರ ಇದ್ದರು. ನಾವು ಆ ಆಟವನ್ನು ‘ಚಂದ್ರ’ ಎಂದೇ ಕರೆಯುತ್ತಿದ್ದೆವು, ಮತ್ತು ಚೆನ್ನಾಗಿದೆ ಎಂದೇ ತಿಳಿದಿದ್ದೆವು.

ಬಾವಿಯ ಹುಡುಗಿ ಏನು ಹೇಳುತ್ತಿದ್ದಳು ಎನ್ನುವುದರ ಮೇಲೆ ಮಾಮನಿಗೂ ಅತ್ತೆಗೂ ಮೂವತ್ತು ವರ್ಷದಿಂದ ಜಗಳ. ಅತ್ತೆ ದಿನಾ ಹನ್ನೊಂದು ಗಂಟೆಗೆ ನನಗೆ ಡಬ್ಬಿ ತರುತ್ತಾಳೆ, ದಿನಾ ಜಗಳ ಮುಂದುವರಿಯುತ್ತದೆ.

“ನಾನೇ ಬರೆದ ಮಾತು ಕಣೇ ಪದ್ದು. ‘ದಾರಿಹೋಕರೇ, ಬಾಯಾರಿತೇ?’ ಅಂತ. ಎಷ್ಟು ಮುದ್ದಾಗಿ ಹೇಳಿದ್ದೆ ನೀನು!” ಎನ್ನುತ್ತಾರೆ ಮಾಮ.

‘ನಾನು ಅಂಥ ಮಾತು ಆಡೋಳಲ್ಲ. ನೀರು ಬೇಕಾದ್ರೆ ಹಗ್ಗ ತರ್ಲಿ ಅಂದಿದ್ದೆ’ ಎಂದು ಅತ್ತೆ ಬರೆಯುತ್ತಾಳೆ.

“ಹಗ್ಗದ ವಿಷ್ಯ ನನ್ನ ಆಟದಲ್ಲೇ ಇಲ್ಲ!”

‘ನಿನ್ನ ಆಟದಲ್ಲಿ ಬಾವಿ ಇತ್ತು, ಹಗ್ಗ ಇರಲಿಲ್ಲ. ಅದಕ್ಕೇ ಅಂದೆ.’

ಒಂದು ದಿನ ಇದೇ ಜಗಳದ ನಡುವೆ ಅತ್ತೆ ಸ್ಲೇಟನ್ನು ಒರೆಸಿ, ಮಾಮನಿಗೆ ಕಾಣದಂತೆ ನನ್ನ ಕಡೆ ತಿರುಗಿಸಿ, ಚಿಕ್ಕ ಅಕ್ಷರದಲ್ಲಿ ಬರೆದಳು: ‘ಮಾತು ಯಾವುದಾದ್ರೂ ಆಗ್ಲಿ. ನನ್ನ ದನಿ ಹೇಗಿತ್ತು ಅಂತ್ಲೇ ನಂಗೆ ಮರ್ತುಹೋಗಿದೆ ಮೇದಿನಿ.’ ನಾನು ಓದಿ ಮುಗಿಸುವ ಮೊದಲೇ ಒರೆಸಿಬಿಟ್ಟಳು. ಆ ಸಾಲು ನನ್ನ ಡೈರಿಯಲ್ಲಿದೆ.

ಅಂಥದ್ದರಲ್ಲಿ ಹೊರಗಿನ ಕಂಪನಿಯೊಂದು ‘ಕೀಲಿಕೈ ಪೇಟೆ’ಯನ್ನು ಈ ಕಾಲದ ಕಂಪ್ಯೂಟರುಗಳಲ್ಲಿ ಓಡುವಂತೆ ಮಾಡಿ ಮತ್ತೆ ಬಿಡುಗಡೆ ಮಾಡುತ್ತೇವೆಂದು ಮಾಮನಿಗೆ ಕಾಗದ ಬರೆಯಿತು. ಅವರಿಗೆ ಯಾರೋ ಕಪಾಟಿನಲ್ಲಿ ಕಾಪಾಡಿಟ್ಟಿದ್ದ ಮೂಲ ಸಿಡಿ ಸಿಕ್ಕಿತ್ತಂತೆ. ಮಾಮ ಆ ಕಾಗದವನ್ನು ಹಿಡಿದುಕೊಂಡು ಊರೆಲ್ಲ ಸುತ್ತಿದರು. ಕಾಗದವನ್ನು ನಕಲು ಮಾಡಿ ಹಂಚಬಹುದಿತ್ತು, ಆದರೆ ಅದರಲ್ಲಿ ‘ಮಾನ್ಯರೇ’ ಉದುರಿದರೆ ಎಂಬ ಭಯ.

ಬಿಡುಗಡೆಯ ದಿನ ಭಾನುವಾರ. ಊರಿನಲ್ಲಿ ಇಂಟರ್ನೆಟ್ ಇರುವುದು ನಮ್ಮ ಅಂಗಡಿಯಲ್ಲಿ ಮಾತ್ರ. ಬೆಳಿಗ್ಗೆ ಹತ್ತಕ್ಕೇ ಅಂಗಡಿ ತುಂಬಿ, ಜನ ಮೆಟ್ಟಿಲ ಮೇಲೂ ಚರಂಡಿಯ ಕಲ್ಲಿನ ಮೇಲೂ ನಿಂತರು. ಅತ್ತೆ ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆಯುಟ್ಟು ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಸ್ಲೇಟು ತೊಡೆಯ ಮೇಲಿತ್ತು. ಅದರ ಮೇಲೆ ಮೊದಲೇ ‘ಹಗ್ಗ’ ಎಂದು ಬರೆದು ತಂದಿದ್ದಳು, ಗೆದ್ದ ತಕ್ಷಣ ತೋರಿಸಲು.

ಡೌನ್‌ಲೋಡ್ ಮಾಡುವುದು ಎಂದರೂ ನಕಲೇ. ಅದು ನನಗೆ ಗೊತ್ತಿತ್ತು. ಊರಿನಲ್ಲಿ ನನ್ನಷ್ಟು ಉದುರು ಹಾಕಿದವರು ಇನ್ನೊಬ್ಬರಿಲ್ಲ. ಆಟ ಬಂದು ಬೀಳುವ ಫೋಲ್ಡರಿನಲ್ಲಿ ಹಿಂದಿನ ದಿನವೇ ನೂರು ಪುಟ್ಟ ಫೈಲುಗಳನ್ನು ಇಟ್ಟಿದ್ದೆ. ಪ್ರತಿಯೊಂದರಲ್ಲಿ ಒಂದೇ ಅಕ್ಷರ, ‘ಅ’. ಅದಕ್ಕಿಂತ ಹಗುರವಾದದ್ದು ಏನಿದ್ದೀತು?

ಆಟ ಬಂತು. ಪೇಟೆ ತೆರೆದುಕೊಂಡಿತು. ಸೇತುವೆ ಇತ್ತು, ಮೆಟ್ಟಿಲಿತ್ತು, ಗಂಟೆ ಹೊಡೆಯಿತು. ‘ಚಂದ್ರ’ ಎಂದು ಆಡುತ್ತ ಬೆಳೆದವರೆಲ್ಲ ಬಾಯಿ ತೆರೆದು ನೋಡಿದರು. ಹಿಂದಿನಿಂದ ಯಾರೋ, “ಅಯ್ಯೋ, ಇದ್ರಲ್ಲಿ ಮನೆಗಳೂ ಇದ್ವಾ?” ಎಂದರು. ಮಾಮ ದಾರಿಹೋಕನನ್ನು ನೇರ ಬಾವಿಕಟ್ಟೆಗೆ ನಡೆಸಿದರು. ಹುಡುಗಿ ಕೂತಿದ್ದಳು, ಎರಡು ಜಡೆ, ಹಳದಿ ಲಂಗ. ಮಾಮ ಒತ್ತಿದರು.

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ತೆರೆದಳು, ಮುಚ್ಚಿದಳು. ದನಿ ಬರಲಿಲ್ಲ.

ಮಾಮ ಸ್ಪೀಕರಿನ ಕಿವಿ ಹಿಂಡಿದರು. ಗಂಟೆಯ ಸದ್ದು ಜೋರಾಯಿತು, ಹಕ್ಕಿಯ ಸದ್ದು ಜೋರಾಯಿತು. ಹುಡುಗಿ ಮಾತ್ರ ಮೀನಿನಂತೆ ಬಾಯಾಡಿಸಿದಳು. ನಾನು ಫೋಲ್ಡರ್ ತೆರೆದು ನೋಡಿದೆ. ನೂರು ‘ಅ’ಗಳೂ ಅಲ್ಲೇ ಇದ್ದವು, ಒಂದೂ ಅಲ್ಲಾಡಿರಲಿಲ್ಲ. ಆಗ ಹೊಳೆಯಿತು. ಉದುರನ್ನು ನಕಲಾಗುವ ವಸ್ತುವಿನೊಳಗೆ ಇಡಬೇಕು, ನಕಲು ಬಂದು ಬೀಳುವ ಜಾಗದಲ್ಲಲ್ಲ. ಗುಂಡನ ಹೆಸರನ್ನು ಕಾಗದದಲ್ಲಿ ಬರೆಯದೆ ಕಾಗದ ಇಡುವ ಚೀಲದ ಮೇಲೆ ಬರೆದ ಹಾಗೆ ಮಾಡಿದ್ದೆ. ಇದನ್ನು ನಾನು ದಿನಕ್ಕೆ ಹತ್ತು ಜನರಿಗೆ ರಟ್ಟು ತಳ್ಳಿ ತಿಳಿಸುತ್ತಿದ್ದೆ.

ಅತ್ತೆ ‘ಹಗ್ಗ’ವನ್ನು ಒರೆಸಿ, ‘ಬಾಯಿ ಮಾತ್ರ ಚೆನ್ನಾಗಿ ಆಡಿಸ್ತೀನಿ’ ಎಂದು ಬರೆದು ಎಲ್ಲರಿಗೂ ತೋರಿಸಿದಳು. ಜನ ನಕ್ಕರು. ಅಕ್ಷರ ಓರೆಯಾಗಿರಲಿಲ್ಲ, ಅದನ್ನು ನೋಡಿದವಳು ನಾನೊಬ್ಬಳೇ. ಮನೆಗೆ ಹೋದವಳು ಸೀರೆ ಮಡಿಸಿಟ್ಟಳು. ಎರಡು ದಿನ ಸ್ಲೇಟು ಗೋಡೆಯ ಮೊಳೆಯಲ್ಲಿ ಖಾಲಿ ತೂಗಿತು. ತರಕಾರಿಯವಳು ಬಂದು, ಕೇಳಿದಷ್ಟಕ್ಕೆ ಬದನೆಕಾಯಿ ಮಾರಿ, ಅನುಮಾನದಿಂದ ಹಿಂತಿರುಗಿ ನೋಡುತ್ತ ಹೋದಳು.

ಸೋಮವಾರ ನಾನು ಆಟವನ್ನು ಇನ್ನೊಮ್ಮೆ ಇಳಿಸಿದೆ, ಮಾಮ ಬೇಡವೆಂದರೂ. ನಮ್ಮೂರಿನ ನಕಲಿಗೆ ಹಠ ಹೆಚ್ಚು. ಎರಡನೆಯ ಸಲ ಕೇಳಿದರೆ ಮೊದಲು ಬಿಟ್ಟದ್ದನ್ನೂ ಬಿಡುತ್ತದೆ, ಮೇಲೊಂದನ್ನೂ ಬಿಡುತ್ತದೆ. ದನಿ ಇರಲಿಲ್ಲ, ಜೊತೆಗೆ ಚಂದ್ರನೂ ಹೋಗಿದ್ದ. ಅದನ್ನು ಅಳಿಸಿ ಹಾಕಿ, ಮೊದಲಿನದನ್ನೇ ಇಟ್ಟುಕೊಂಡೆ.

“ಅಲ್ಲಾ, ನನ್ನ ಮಡಕೆಗಳೆಲ್ಲಿ?” ಎಂದು ಮಾಮ ಇದ್ದಕ್ಕಿದ್ದಂತೆ ಕೂಗಿದರು. ಪರದೆಯ ಮೇಲೆ ಕುಂಬಾರರ ಅಂಗಳ ಗುಡಿಸಿಟ್ಟಂತೆ ಬೋಳಾಗಿತ್ತು. ಆಟದ ಜೊತೆ ಬಂದಿದ್ದ ಟಿಪ್ಪಣಿಯನ್ನು ನಾನು ತೆರೆದು ತೋರಿಸಿದೆ. ‘ಆಟಕ್ಕೆ ಸಂಬಂಧವಿಲ್ಲದ ನೂರು ವಸ್ತುಗಳನ್ನು ತೆಗೆದು ವೇಗ ಹೆಚ್ಚಿಸಲಾಗಿದೆ’ ಎಂದು ಅದರಲ್ಲಿ ಹೆಮ್ಮೆಯಿಂದ ಬರೆದಿದ್ದರು.

“ವೇಗ! ಇವರಜ್ಜಿ ವೇಗ! ಒಂದೊಂದೂ ಕೈಯಾರೆ ಬಿಡಿಸಿದ್ದೆ ಕಣಮ್ಮ, ಒಳಗೆ ಏನೂ ಇರಬಾರದು ಅಂತ ಎಷ್ಟು ಕಷ್ಟಪಟ್ಟು ಖಾಲಿ ಮಾಡಿದ್ದೆ!” ಮಾಮ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಮಡಕೆಗಳಿದ್ದಿದ್ದರೆ ಒಂದು ಮಡಕೆ ಹೋಗುತ್ತಿತ್ತು. ಅವಿಲ್ಲದಾಗ, ಉಳಿದ ಆಟದಲ್ಲೆಲ್ಲ ಅತ್ಯಂತ ಹಗುರವಾದದ್ದು ನನ್ನ ಅತ್ತೆಯ ದನಿಯಾಗಿತ್ತು. ಇದನ್ನು ಡೈರಿಯಲ್ಲಿ ಬರೆಯುವಾಗ ನನ್ನ ಕೈ ನಿಧಾನವಾಯಿತು.

ಹೊರಗಿನ ಊರಿಗೇ ಹೋಗಿ ಕೇಳಿಕೊಂಡು ಬರಬಹುದಲ್ಲ ಎಂದು ನೀವು ಕೇಳಬಹುದು. ಅತ್ತೆಗೆ ಬಸ್ಸೆಂದರೆ ಬಸ್ ನಿಲ್ದಾಣದಲ್ಲೇ ವಾಂತಿ. ನಾನೊಬ್ಬಳೇ ಹೋಗಿ ಕೇಳಿ ಬಂದು, ನಿನ್ನ ದನಿ ಹೀಗಿತ್ತು ಎಂದು ಅವಳಿಗೆ ಯಾವ ಬಾಯಿಂದ ಹೇಳಲಿ?

ಹಾಗಾಗಿ ಕಂಪನಿಗೆ ಬರೆದೆ. ನಿಮ್ಮಲ್ಲಿರುವ ಹಳೆಯ ಸಿಡಿಯನ್ನು ಅಂಚೆಯಲ್ಲಿ ಒಂದು ವಾರದ ಮಟ್ಟಿಗೆ ಕಳಿಸಬಹುದೇ, ಒಬ್ಬರ ದನಿ ಅದರಲ್ಲಿದೆ, ಜೋಪಾನವಾಗಿ ಹಿಂತಿರುಗಿಸುತ್ತೇನೆ ಎಂದು. ಮೊದಲು ಡೈರಿಯಲ್ಲಿ ಬರೆದು, ಆಮೇಲೆ ಕಂಪ್ಯೂಟರಿನಲ್ಲಿ ಟೈಪು ಮಾಡಿ ಕಳಿಸಿದೆ. ಅದೂ ನಕಲೇ ತಾನೇ, ಈ ಸಲ ತಪ್ಪು ಮಾಡಬಾರದೆಂದು ಕಾಗದದ ಒಳಗೇ ‘ನಮ್ಮಲ್ಲಿ ಈಗ ಸೀಬೆಹಣ್ಣಿನ ಕಾಲ’ ಎಂದೊಂದು ಉದುರುಸಾಲು ಸೇರಿಸಿದ್ದೆ. ಕಳಿಸಿಯಾದ ಮೇಲೆ ನೋಡಿದರೆ ಸೀಬೆಹಣ್ಣು ಭದ್ರವಾಗಿತ್ತು, ಕೆಳಗಿದ್ದ ನನ್ನ ಹೆಸರು ಉದುರಿತ್ತು. ಮೇದಿನಿ ಎಂದರೆ ಭೂಮಿಯಂತೆ. ಸೀಬೆಹಣ್ಣಿಗಿಂತ ಹಗುರ.

ಮರುದಿನವೇ ಉತ್ತರ ಬಂತು.

‘ಸೀಬೆಹಣ್ಣಿನ ಊರಿನವರಿಗೆ ನಮಸ್ಕಾರ. ನಾನು ನೌಶೀನ್, ಹಳೆಯ ಆಟಗಳನ್ನು ಹೊಸದಾಗಿ ಸಿದ್ಧಪಡಿಸುವ ತಂಡದಲ್ಲಿದ್ದೇನೆ. ಸಿಡಿಯನ್ನು ಅದರ ಒಡೆಯರಿಗೆ ಹಿಂತಿರುಗಿಸಿ ಆಯಿತು. ಆದರೆ ಅದನ್ನು ತರಿಸುವ ಅಗತ್ಯವೇ ಇಲ್ಲ. ನೀವು ಇಳಿಸಿಕೊಂಡ ಆಟದ ಫೋಲ್ಡರಿನಲ್ಲಿ “ಮೂಲ” ಎಂಬ ಹೆಸರಿನ ಒಂದೇ ಒಂದು ದೊಡ್ಡ ಫೈಲಿದೆ, ನೋಡಿ. ಅದು ಆ ಹಳೆಯ ಸಿಡಿಯ ಡಿಸ್ಕ್ ಇಮೇಜ್, ಅಂದರೆ ಇಡೀ ಸಿಡಿಯ ಪಡಿಯಚ್ಚು. ನಾವು ತಿದ್ದಿದ್ದೆಲ್ಲ ಹೊಸ ಆಟದಲ್ಲಿ. ಅದನ್ನು ಮಾತ್ರ ಮುಟ್ಟಿಲ್ಲ. ಹಳೆಯ ಕಂಪ್ಯೂಟರು ಇಟ್ಟುಕೊಂಡವರು ಯಾರಾದರೂ ಇದ್ದರೆ ಬೇಕಾದೀತೆಂದು ಪ್ರತಿಯೊಂದು ಆಟದ ಜೊತೆಗೂ ಇಡುತ್ತೇವೆ. ಸಾಮಾನ್ಯವಾಗಿ ಯಾರೂ ತೆರೆದು ನೋಡುವುದಿಲ್ಲ. ಖಾಲಿ ಸಿಡಿಗೆ ಬರೆದರೆ ಹಳೆಯ ಸಿಡಿಯೇ ನಿಮ್ಮ ಕೈಯಲ್ಲಿರುತ್ತದೆ. ನಿಮ್ಮ ಸೀಬೆ ಒಳಗೆ ಕೆಂಪೋ ಬಿಳಿಯೋ?’

ನಾನು ಓದಿ, ಮಾಮನ ಕಡೆ ಪರದೆ ತಿರುಗಿಸಿದೆ. ಮಾಮ ಓದಿ, ಫೋಲ್ಡರ್ ತೆರೆದರು. ‘ಮೂಲ’ ಅಲ್ಲೇ ಇತ್ತು. ನೂರು ‘ಅ’ಗಳ ಕೆಳಗೆ, ಆರುನೂರು ಎಂಬಿ ಭಾರದ ಒಂದು ಕಲ್ಲಿನಂತೆ ಕೂತಿತ್ತು.

“ಇದ್ರಲ್ಲಿ ಏನಾದ್ರೂ ಉದುರಿರುತ್ತಾ ಮಾಮ?” ನಾನು ಮೆಲ್ಲಗೆ ಕೇಳಿದೆ.

“ಹೆಂಗೆ ಉದುರತ್ತೆ? ಮೊಹರು ಹಾಕಿದ ಪೆಟ್ಟಿಗೆ ಇದು, ಪೆಟ್ಟಿಗೆ ಸಮೇತ ಒಂದೇ ತೂಕ. ಈ ಫೋಲ್ಡರಿನಲ್ಲೇ ಇದಕ್ಕಿಂತ ಭಾರ ಇನ್ನೊಂದಿಲ್ಲ. ಉದುರೋದು ಉದುರಿ ಆಯ್ತಲ್ಲ, ಹೊಸದ್ರಲ್ಲಿ.” ಮಾಮ ಎದ್ದು ನಿಂತರು. “ಆದ್ರೆ ಸಿಡಿಗೆ ಬರೆಯುವಾಗ ಮೊಹರು ಒಡೀಬೇಕು ಮೇದಿನಿ. ಆಗ ಒಳಗಿಂದ ಒಂದು ಹೋಗೇ ಹೋಗತ್ತೆ. ಮಡಕೆ ಹೋದ್ರೆ ನಾವು ಗೆದ್ವಿ.”

ಮಾಮನ ಹಳೆಯ ಕಂಪ್ಯೂಟರು ಅಟ್ಟದ ಮೇಲಿತ್ತು. ಅದರ ಮೇಲೆ ಇಡ್ಲಿ ಪಾತ್ರೆ, ಅದರ ಮೇಲೆ ಮುರಿದ ಕೊಡೆ. ಕೆಳಗಿಳಿಸಿ ಒರೆಸಿದರೆ ಹೊಗೆ ಬರದೆ ಹೊತ್ತಿಕೊಂಡಿತು. ಅದಕ್ಕೆ ಇಂಟರ್ನೆಟ್ಟೂ ಗೊತ್ತಿಲ್ಲ, ಪೆನ್‌ಡ್ರೈವೂ ಗೊತ್ತಿಲ್ಲ. ಸಿಡಿ ಕೊಟ್ಟರೆ ಮಾತ್ರ ಬಾಯಿ ತೆರೆಯುತ್ತದೆ. ಖಾಲಿ ಸಿಡಿ ಈಗ ಯಾರೂ ಮಾರುವುದಿಲ್ಲ. ಹಳೆಯ ಮದುವೆಗಳ ವಿಡಿಯೋ ಮಾಡುತ್ತಿದ್ದ ಮಹಾಬಲನ ಸ್ಟುಡಿಯೋದಲ್ಲಿ ಇದ್ದೀತೆಂದು ಮಾಮ ನನ್ನನ್ನೇ ಅಟ್ಟಿದರು. ದಾರಿಯುದ್ದಕ್ಕೂ ಒಂದೇ ವಾಕ್ಯ ಬಾಯಿಪಾಠ ಮಾಡಿಕೊಂಡು ಹೋದೆ.

“ಖಾಲಿ ಸಿಡಿ ಇದೆಯಾ?”

“ಏನಮ್ಮಾ? ಜೋರಾಗಿ ಹೇಳು, ನಿಮ್ಮತ್ತೇನಾದ್ರೂ ಬರೆದು ತೋರಿಸ್ತಾರೆ.”

“ಖಾಲಿ ಸಿಡಿ.”

“ಯಾರ ಮದುವೇದು?”

“ಖಾಲಿ! ಯಾರ್ದೂ ಅಲ್ಲ! ಖಾಲಿ ಬೇಕು!” ಎಂದೆ. ಗೋಡೆಯ ಮೇಲಿನ ಮದುಮಕ್ಕಳೆಲ್ಲ ನನ್ನನ್ನೇ ನೋಡಿದಂತಾಯಿತು. ಮಹಾಬಲ ಬೆಚ್ಚಿ, ಮೇಜಿನ ಖಾನೆಯೆಲ್ಲ ತಡಕಾಡಿ ಒಂದನ್ನು ತೆಗೆದುಕೊಟ್ಟ. ಅವನಲ್ಲಿದ್ದದ್ದು ಅದೊಂದೇ.

ಒಂದೇ ಸಿಡಿ, ಒಂದೇ ಸಲ. ಬರೆಯುವಾಗ ಮಡಕೆಯ ಬದಲು ಇನ್ನೇನಾದರೂ ಹೋದರೆ ಹೋಯಿತು. ಮತ್ತೆ ಕೇಳಿದರೆ ನಮ್ಮೂರಿನ ನಕಲು ಅದನ್ನೇ ಬಿಡುತ್ತದೆ. ಬುಧವಾರ ಮಧ್ಯಾಹ್ನ ಬರೆಯಲು ಕೂತೆವು. ಯಾರಿಗೂ ಹೇಳಿರಲಿಲ್ಲ, ಆದರೆ ನಾನು ಸ್ಟುಡಿಯೋದಲ್ಲಿ ಕೂಗಿದ್ದು ಊರಿಗೆಲ್ಲ ಗೊತ್ತಾಗಿತ್ತು, ಮೇದಿನಿ ಕೂಗಿದಳಂತೆ ಎನ್ನುವುದೇ ದೊಡ್ಡ ಸುದ್ದಿ. ಅಂಗಡಿ ಮತ್ತೆ ತುಂಬಿತು. ಅತ್ತೆಯನ್ನು ನಾನೇ ಹೋಗಿ ಕರೆದೆ. ರೇಷ್ಮೆ ಸೀರೆ ಬೇಡವೆಂದು ತಲೆಯಾಡಿಸಿ, ಮನೆಯ ಸೀರೆಯಲ್ಲೇ, ಸ್ಲೇಟನ್ನು ಎದೆಗೆ ಅವುಚಿಕೊಂಡು ಬಂದಳು. ಅದರ ಮೇಲೆ ಏನೂ ಬರೆದಿರಲಿಲ್ಲ.

ಸಿಡಿ ಬರೆದು ಮುಗಿಯಿತು. ಹಳೆಯ ಕಂಪ್ಯೂಟರು ಅದನ್ನು ನುಂಗಿ, ಕಾಫಿಪುಡಿ ಬೀಸುವಂಥ ಸದ್ದು ಮಾಡಿ, ಪೇಟೆಯನ್ನು ತೆರೆಯಿತು. ಬಣ್ಣ ಮಂಕಾಗಿತ್ತು, ಮನೆಗಳ ಅಂಚು ಗರಗಸದಂತಿತ್ತು. ಮಾಮ ಕುರ್ಚಿಯಿಂದ ಎದ್ದರು. ಮೌಸನ್ನು ನನಗೆ ಕೊಟ್ಟರು. “ಬಾವಿಗೆ ಬೇಡ. ಮೊದ್ಲು ಕುಂಬಾರರ ಅಂಗಳ” ಎಂದರು.

ಅಂಗಳದಲ್ಲಿ ಮಡಕೆಗಳಿದ್ದವು. ಸಾಲು ಸಾಲು. ನಾನು ಒಂದೊಂದರ ಮೇಲೂ ಬಾಣದ ಗುರುತು ತೋರಿಸುತ್ತ ಹೋದೆ, ಮಾಮ ಎಣಿಸುತ್ತ ಹೋದರು. ಇಪ್ಪತ್ತರ ಹೊತ್ತಿಗೆ ಅಂಗಡಿಯ ಜನವೂ ಎಣಿಸತೊಡಗಿತು, ಐವತ್ತರ ಹೊತ್ತಿಗೆ ಮೆಟ್ಟಿಲ ಮೇಲಿನವರೂ. ತೊಂಬತ್ತೇಳು, ತೊಂಬತ್ತೆಂಟು, ತೊಂಬತ್ತೊಂಬತ್ತು. ಕೊನೆಯ ಸಾಲಿನ ಮೂಲೆಯಲ್ಲಿ ಒಂದು ಮಡಕೆಯಷ್ಟು ಜಾಗ ಖಾಲಿ ಇತ್ತು. ಕಳೆದುಹೋದ ವಸ್ತುವಿಗೆ ಜನ ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ದಾರಿಹೋಕನನ್ನು ಬಾವಿಕಟ್ಟೆಗೆ ನಡೆಸಿದೆ. ಎರಡು ಜಡೆ, ಹಳದಿ ಲಂಗ. ಒತ್ತಿದೆ.

“ದಾರಿಹೋಕರೇ, ಬಾಯಾರಿತೇ?”

ಸ್ವಲ್ಪ ಒಡಕು ದನಿ. ಕೊನೆಯಲ್ಲಿ ಮೇಲಕ್ಕೆ ಹಾರುವಂಥದ್ದು, ಮೆಟ್ಟಿಲು ಎರಡೆರಡಾಗಿ ಹತ್ತುವವರ ಹಾಗೆ. ನಾನು ಊಹಿಸಿಕೊಂಡಿದ್ದ ದನಿಗಳಲ್ಲಿ ಯಾವುದೂ ಅಲ್ಲ. “ನೋಡಿದ್ಯಾ! ನಾನು ಹೇಳ್ಲಿಲ್ವಾ!” ಎಂದು ಮಾಮ ಹಾರಿದರು. ಆದರೆ ಹುಡುಗಿ ಇನ್ನೂ ಬಾಯಿ ಮುಚ್ಚಿರಲಿಲ್ಲ. ಸ್ಪೀಕರಿನೊಳಗಿಂದ ಕಿಸಕ್ಕನೆ ನಗು ಬಂತು, ಆಮೇಲೆ ಮಾತು ಬಂತು.

“ಥೂ, ಹೀಗೆ ಯಾರಾದ್ರೂ ಮಾತಾಡ್ತಾರೇನೋ ಚಿದಂಬರ? ನೀರು ಬೇಕಾದ್ರೆ ಹಗ್ಗ ತರ್ಲಿ ಅಂತ ಹೇಳ್ಸು. ಸಾಕಾ? ಇನ್ನೊಂದ್ಸಲ ಹೇಳ್ಲಾ?”

ಹುಡುಗಿ ಬಾಯಿ ಮುಚ್ಚಿದಳು.

ಅವತ್ತು ಧ್ವನಿಮುದ್ರಣದ ಬಾಲವನ್ನು ಕತ್ತರಿಸಲು ಮಾಮ ಮರೆತಿದ್ದರು. ಮೂವತ್ತು ವರ್ಷ ಇಬ್ಬರೂ ಸರಿಯಾಗಿಯೇ ಜಗಳವಾಡಿದ್ದರು. ಇಬ್ಬರಿಗೂ ಅರ್ಧರ್ಧ ಉದುರಿತ್ತು. ಆ ಕೊನೆಯ ಪ್ರಶ್ನೆ ಮಾತ್ರ ಇಬ್ಬರ ನೆನಪಿನಲ್ಲೂ ಉಳಿದಿರಲಿಲ್ಲ.

ಮಾಮ ಉತ್ತರ ಹೇಳಲು ಬಾಯಿ ತೆರೆದರು, ಮುಚ್ಚಿದರು. ತೆರೆದರು, ಮುಚ್ಚಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ಅತ್ತೆ ತನ್ನ ಗಂಟಲ ಮೇಲೆ ಎರಡು ಬೆರಳಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದಳು. ಬಾವಿಕಟ್ಟೆಯ ಹುಡುಗಿ ಜಡೆ ಅಲ್ಲಾಡಿಸುತ್ತ ಕಾಯುತ್ತಿದ್ದಳು. ಪ್ರಶ್ನೆ ಕೇಳಿದವರಿಗೆ ಯಾರಾದರೂ ಉತ್ತರ ಕೊಡಬೇಕಲ್ಲ.

“ಹೇಳು ಅತ್ತೆ,” ಎಂದೆ. ಚರಂಡಿಯ ಕಲ್ಲಿನ ಮೇಲೆ ನಿಂತವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಬಂತು. “ಸಾಕಾಗ್ಲಿಲ್ಲ. ಇನ್ನೊಂದ್ಸಲ ಹೇಳು.”

ಅತ್ತೆ ಸ್ಲೇಟು ಒರೆಸುವ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡಳು. ಕೆನ್ನೆಯ ಮೇಲೆಲ್ಲ ಬಳಪದ ಬಿಳಿ. ಆಮೇಲೆ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ಓರೆಯಾಗಿ, ಪೂರ್ತಿ ಓರೆಯಾಗಿ ಬರೆದು ನನ್ನ ಕಡೆ ತಿರುಗಿಸಿದಳು.

‘ಹಗ್ಗ ತಂದಿದ್ದೀಯಾ?’